ಗಬ್ಬದ ನಾಯಿಯೂ ಜಾತ್ರೆಯ ಪಯಣವೂ

ಸಕಲ ಜೀವಿಗಳಲ್ಲಿಯೂ ದಯೆಯಿರಬೇಕೆಂಬುದು ಬಸವಾದಿ ಶರಣರ ಬೋಧೆಯ ತಿರುಳು. ದಯೆಯೆಂದರೆ ಮನದ ಮರುಕ ಮಾತ್ರವಲ್ಲ, ತಿಳಿವಳಿಕೆಯಿಂದ ಕೂಡಿದ ನಡೆ. ಮನೆ ಕಾಯುವ ನಾಯಿಗೆ ನಿತ್ಯವೂ ತುತ್ತು ಹಾಕುವ ಸದ್ಭಕ್ತರು ನಮ್ಮಲ್ಲಿ ಅನೇಕರು. ಆದರೆ ಅದು ಗಬ್ಬವಾಗಿರುವಾಗ ಪರವೂರಿಗೆ ಹೊರಟರೆ ಅದನ್ನು ಜೊತೆಗೆ ಕರೆದೊಯ್ಯಬೇಕೆ, ಮನೆಯಲ್ಲಿಯೇ ಬಿಡಬೇಕೆ ಎಂದು ವಿಚಾರಿಸುವವರು ವಿರಳ.

ನಮ್ಮ ಸೀಮೆಯಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ವವುಂಟು. ಹಂಪಿಯ ವಿರೂಪಾಕ್ಷನ ರಥೋತ್ಸವ ನಡೆಯುವುದು ಚೈತ್ರದಲ್ಲಿ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಜನರು ಕುಟುಂಬ ಸಮೇತರಾಗಿ ಹೊರಡುವ ಆ ದಿನಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಂಪಿಯ ಬಂಡೆಗಳು ಕಾದ ಹೆಂಚಿನಂತಾಗಿರುತ್ತವೆ. ಮನುಷ್ಯನ ಮೈಯೆಲ್ಲ ಬೆವರಿ ತಂಪಾಗುತ್ತದೆ. ನಾಯಿಗೆ ಆ ಅನುಕೂಲವಿಲ್ಲ, ಅದು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಕಾವನ್ನು ಕಳೆದುಕೊಳ್ಳಬೇಕು. ಹೊಟ್ಟೆಯಲ್ಲಿ ಮರಿಗಳಿದ್ದರೆ ಈ ಶ್ರಮ ಇಮ್ಮಡಿಯಾಗುತ್ತದೆ. ತಾಯಿಯ ಮೈಕಾವು ಮಿತಿ ಮೀರಿದರೆ ಮರಿಗಳ ಜೀವಕ್ಕೂ ಅಪಾಯ.

ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ಮೊದಲ ಮೂರು ವಾರ ಹಾಗೂ ಕಡೆಯ ಮೂರು ವಾರ ಪಯಣವನ್ನು ತಪ್ಪಿಸುವುದು ಲೇಸು. ನಮ್ಮ ದೇಶದ 1978ರ ಪ್ರಾಣಿ ಸಾಗಣೆ ನಿಯಮಗಳು ಕೂಡ ಗರ್ಭ ತುಂಬಿದ ನಾಯಿಯನ್ನು ಸಾಗಿಸಬಾರದೆಂದೇ ಹೇಳುತ್ತವೆ. ಆದುದರಿಂದ ಹೊಸಪೇಟೆಯಿಂದ ರಾತ್ರಿಯ ರೈಲು ಹತ್ತಿ ಬೆಂಗಳೂರಿಗೆ ಹೊರಡುವವರು ದಿನ ತುಂಬುತ್ತಿರುವ ನಾಯಿಯನ್ನು ಕಾವಲು ಡಬ್ಬಿಯ ಪೆಟ್ಟಿಗೆಗೆ ಒಪ್ಪಿಸುವ ಯೋಚನೆಯನ್ನೇ ಬಿಡಬೇಕು. ನಂಬಿಕಸ್ತ ನೆರೆಯವರ ವಶದಲ್ಲಿ, ನೆರಳು ನೀರುಗಳಿರುವಲ್ಲಿ ಅದನ್ನು ಬಿಟ್ಟು ಹೋಗುವುದೇ ನಿಜವಾದ ಪ್ರೀತಿ.

ವೈದ್ಯರ ಬಳಿಗೆ ಒಯ್ಯುವಂತಹ ಅನಿವಾರ್ಯ ಪ್ರಸಂಗದಲ್ಲಿ ಬೆಳಗಿನ ತಂಪು ಹೊತ್ತಿನಲ್ಲಿಯೇ ಹೊರಡಬೇಕು. ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವುದು ಸಲ್ಲದು. ಸಂಡೂರಿನ ಕಡೆ ಅದಿರು ಲಾರಿಗಳ ಧೂಳು ಮತ್ತು ಕುಲುಕಾಟವಿರುವ ದಾರಿಯಲ್ಲಂತೂ ಅದು ತಾಯಿಗೂ ಮರಿಗಳಿಗೂ ಹಿಂಸೆ. ಕಾರಿನಲ್ಲಿ ಮೈಚಾಚಿ ಮಲಗುವಷ್ಟು ಜಾಗ, ದಪ್ಪ ಹಾಸು, ಕುಡಿಯುವ ನೀರು ಇರಲಿ. ದೂರದ ದಾರಿಯಾದರೆ ಎರಡು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ. ಗಾಜು ಏರಿಸಿದ ಕಾರಿನಲ್ಲಿ ನಾಯಿಯನ್ನು ಬಿಟ್ಟು ದರ್ಶನಕ್ಕೆ ಹೋಗುವುದು ಅದನ್ನು ಒಲೆಯೊಳಗೆ ಇಟ್ಟಂತೆ. ಹೊರಗೆ 35 ಡಿಗ್ರಿಯಿದ್ದರೆ ಹತ್ತೇ ನಿಮಿಷಗಳಲ್ಲಿ ಒಳಗಿನ ಕಾವು 45ರ ಸಮೀಪ ಏರುತ್ತದೆ.

ಪ್ರಸಾದವೆಂದು ಸಿಹಿಯನ್ನು ಉಣಿಸುವಾಗಲೂ ಎಚ್ಚರ ಬೇಕು. ಪಾಯಸದಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟುಗಳೂ ಅದಕ್ಕೆ ವಿಷವೇ. ಮರಿಗಳು ಬಲಿಷ್ಠವಾಗಲೆಂದು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಔಷಧ ಕೊಡುವ ರೂಢಿಯೂ ತಪ್ಪು. ಗರ್ಭಾವಸ್ಥೆಯಲ್ಲಿ ಅದು ಹೆಚ್ಚಾದರೆ ಹೆರಿಗೆಯ ನಂತರ ನಾಯಿಗೆ ನಡುಕ, ಸೆಳೆತ ಬರುವ ಸಂಭವ ಹೆಚ್ಚುತ್ತದೆ.

ಹೆರಿಗೆಗೆ ಒಂದು ದಿನದ ಮೊದಲು ನಾಯಿಯ ಮೈಕಾವು ಸಾಮಾನ್ಯಕ್ಕಿಂತ ಒಂದು ಡಿಗ್ರಿಯಷ್ಟು ಇಳಿಯುತ್ತದೆ. ಅದು ಮೂಲೆ ಹುಡುಕಿ ನೆಲ ಕೆರೆಯುತ್ತದೆ. ಅರ್ಧ ಗಂಟೆ ಬಲವಾಗಿ ತಿಣುಕಿದರೂ ಮರಿ ಬಾರದಿದ್ದರೆ, ಮೊದಲ ಮರಿಗೆ ಮುನ್ನವೇ ಹಸಿರು ಸ್ರಾವ ಕಂಡರೆ, ಅಥವಾ ಒಂದು ಮರಿಯಿಂದ ಇನ್ನೊಂದಕ್ಕೆ ಎರಡು ಗಂಟೆ ಮೀರಿದರೆ ತಡಮಾಡದೆ ಪಶುವೈದ್ಯರನ್ನು ಕಾಣಬೇಕು. 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ಘಟಕದ ನೆರವನ್ನೂ ಕೇಳಬಹುದು.

ಇದು ನಾಯಿಯ ಆರೋಗ್ಯದ ಮಾತಷ್ಟೇ ಅಲ್ಲ, ಮನೆಯ ಮಕ್ಕಳ ಆರೋಗ್ಯದ ಮಾತೂ ಹೌದು. ತಾಯಿಯ ದುಂಡುಹುಳುಗಳು ಗರ್ಭದಲ್ಲಿಯೇ ಮರಿಗಳನ್ನು ಸೇರುತ್ತವೆ. ಮುಂದೆ ಮರಿಗಳ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಆಡುವ ಮಕ್ಕಳ ಕೈಬಾಯಿಗೆ ತಲುಪಬಲ್ಲವು. ಹುಳುಮದ್ದನ್ನು ವೈದ್ಯರು ಹೇಳಿದ ಕಾಲಕ್ಕೆ ಕೊಡಿಸಬೇಕು. ರೇಬೀಸ್ ಲಸಿಕೆಯನ್ನು ನಾಯಿ ಗಬ್ಬವಾಗುವ ಮುನ್ನವೇ ಹಾಕಿಸಿರಬೇಕು. ಮರಿ ಹಾಕಿದ ನಾಯಿ ಎಷ್ಟೇ ಸಾಧುವಾದರೂ ಮರಿಗಳ ಬಳಿ ಸುಳಿದವರನ್ನು ಕಚ್ಚಬಹುದು. ಕಚ್ಚಿದರೆ ಗಾಯವನ್ನು ಸೋಪು ಹಾಗೂ ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಎಲ್ಲ ಚುಚ್ಚುಮದ್ದುಗಳನ್ನೂ ಪೂರೈಸಬೇಕು. ಸುಣ್ಣ, ಖಾರ, ಅರಿಸಿನ ಮೆತ್ತಬಾರದು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಯುವ ಭರವಸೆ ಇಲ್ಲವೆಂದೇ ಹೇಳಬೇಕು.

ಅಂಧರಿಗೆ ದಾರಿ ತೋರುವ, ಪೊಲೀಸರೊಡನೆ ದುಡಿಯುವ ನಾಯಿಗಳು ಜಾತ್ರೆಯಲ್ಲಿ ಕಂಡರೆ ಮುಟ್ಟಬಾರದು, ಕರೆಯಬಾರದು, ತಿನಿಸು ಹಾಕಬಾರದು, ಅವು ಕಾಯಕದಲ್ಲಿರುತ್ತವೆ. ನಮ್ಮ ನಾಡಿನ ಮುಧೋಳ ನಾಯಿಯೂ ಭಾರತೀಯ ಸೇನೆಯ ತರಬೇತಿಗೆ ಸೇರಿದ ಗೌರವ ಪಡೆದಿದೆ. ದುಡಿಯುವ ನಾಯಿ ಗಬ್ಬವಾದರೆ ಅದಕ್ಕೂ ವಿಶ್ರಾಂತಿ ನೀಡುವುದೇ ಧರ್ಮ.

ಕಡೆಯದಾಗಿ ಒಂದು ಕಟುಮಾತು. ಗಬ್ಬವಾದ ಹೆಣ್ಣುನಾಯಿಯನ್ನು ಚೀಲದಲ್ಲಿ ತಂದು ತುಂಗಭದ್ರೆಯ ದಡದಲ್ಲಿಯೋ, ದಾಸೋಹದ ಅನ್ನವಾದರೂ ದೊರೆತೀತೆಂದು ಮಠದ ಬಾಗಿಲಲ್ಲಿಯೋ ಬಿಟ್ಟು ಹೋಗುವವರುಂಟು. ಪರಿಚಯವಿಲ್ಲದ ಜಾಗದಲ್ಲಿ ಊರ ನಾಯಿಗಳ ಕಚ್ಚಾಟಕ್ಕೆ, ಹಂಪಿಯ ಗುಡ್ಡಗಳ ಚಿರತೆಯ ಬಾಯಿಗೆ ಅದು ಬೀಳುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮರಿಗಳು ಬೇಡವೆಂದಾದರೆ ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ದಾರಿಯಿದೆ. ಮಾತಿಲ್ಲದ ಜೀವಿ ತನ್ನ ಬಾಗಿಲನ್ನು ನಂಬಿ ಬಂದಾಗ, ಆ ನಂಬಿಕೆಯನ್ನು ಕಾಯುವುದೂ ಶಿವಪೂಜೆಯ ಭಾಗವೆಂದು ಸದ್ಭಕ್ತರು ಭಾವಿಸಲಿ.