ಮೇಡಂ, ಬಿ.ಎ. ಬುಕ್ ಕೊಡಿ

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಮಕ್ಕಳ ಬಾಯಲ್ಲಿ ‘ಲೈಬ್ರರಿ ಮೇಡಂ’. ಹೊಸ ಬ್ಯಾಚ್ ಬಂದ ಕೂಡಲೇ ಕೌಂಟರಿನಲ್ಲಿ ಕೇಳಿಬರುವ ಮೊದಲ ಬೇಡಿಕೆ, ‘ಮೇಡಂ, ಬಿ.ಎ. ಬುಕ್ ಕೊಡಿ.’ ಯಾವ ವಿಷಯದ್ದು ಅಂದರೆ, ‘ಎಲ್ಲದೂ.’ ಇದರಲ್ಲಿ ನಗುವಂಥದ್ದೇನೂ ಇಲ್ಲ. ಪಿಯುಸಿವರೆಗೆ ಅವರಿಗೆ ಹಾಗೇ ಸಿಕ್ಕಿದೆ: ಒಂದು ವಿಷಯಕ್ಕೆ ಒಂದು ಪುಸ್ತಕ, ಪಾಠದ ಕೊನೆಗೆ ಪ್ರಶ್ನೆಗಳು, ಪರೀಕ್ಷೆಯೂ ಅದರೊಳಗಿನದ್ದೇ. ಡಿಗ್ರಿಯಲ್ಲಿ ಭಾಷಾ ಪತ್ರಿಕೆಗಳಿಗೆ ವಿಶ್ವವಿದ್ಯಾಲಯದ ಪ್ರಸಾರಾಂಗ ಪಠ್ಯಪುಸ್ತಕ ತರುತ್ತದೆ. ಇತಿಹಾಸಕ್ಕೋ ಅರ್ಥಶಾಸ್ತ್ರಕ್ಕೋ ಅಂಥದ್ದು ಇರುವುದಿಲ್ಲ. ಇರುವುದು ಪಠ್ಯಕ್ರಮದ ಕೆಲವು ಹಾಳೆ, ಅದರ ಕೊನೆಯಲ್ಲಿ ಒಂದಷ್ಟು ಪುಸ್ತಕಗಳ ಹೆಸರು. ಅವುಗಳಲ್ಲಿ ಯಾವುದರ ಯಾವ ಅಧ್ಯಾಯ ತನಗೆ ಬೇಕು ಎಂದು ಹುಡುಕುವುದು ಓದುವವರ ಪಾಡು.

ಮೊದಲ ವರ್ಷಕ್ಕೆ ಏನೇನು ತಯಾರಿ ಬೇಕು ಎಂದು ಪೋಷಕರು ಕೇಳಿದಾಗ ನಾನು ಬ್ಯಾಗು, ಲ್ಯಾಪ್‌ಟಾಪು ಅನ್ನುವುದಿಲ್ಲ. ಎದ್ದು ಹೋಗಿ ಕೇಳುವುದನ್ನು ಕಲಿತು ಬರಲಿ ಅನ್ನುತ್ತೇನೆ. ಪಿಯು ಕಾಲೇಜಿನಲ್ಲಿ ಹಾಜರಿ ಕಡಿಮೆಯಾದರೆ ಮನೆಗೆ ಫೋನ್ ಬರುತ್ತಿತ್ತು, ಅರ್ಜಿಯ ಕೊನೆ ದಿನವನ್ನು ತರಗತಿಗೇ ಬಂದು ಹೇಳುತ್ತಿದ್ದರು. ಇಲ್ಲಿ ಅದು ನೋಟಿಸ್ ಬೋರ್ಡಿನಲ್ಲೋ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಒಮ್ಮೆ ಬಂದು ಹೋಗುತ್ತದೆ.

ಯಾರನ್ನು ಏನು ಕೇಳಬೇಕು ಎಂದು ತಿಳಿಯಲು ವ್ಯವಸ್ಥೆ ಹೇಗಿದೆ ಎಂಬುದು ಗೊತ್ತಿರಬೇಕು. ನಮ್ಮದು ಕುವೆಂಪು ವಿಶ್ವವಿದ್ಯಾಲಯದ ಅಧೀನದ ಕಾಲೇಜು. 1987ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಅದಕ್ಕೆ ಸೇರಿವೆ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಡಿಗ್ರಿ ಮುಗಿಯುವವರೆಗೂ ಆ ಆವರಣಕ್ಕೆ ಕಾಲಿಡುವುದಿಲ್ಲ. ಆದರೆ ಪಠ್ಯಕ್ರಮ ಮಾಡುವುದು ಅದು, ಪರೀಕ್ಷೆ ನಡೆಸುವುದು ಅದು, ಪದವಿ ಕೊಡುವುದೂ ಅದೇ. ಪಾಠ, ಹಾಜರಿ, ಇಂಟರ್ನಲ್ ಅಂಕ ಕಾಲೇಜಿನ ಕೈಯಲ್ಲಿ. ಸ್ಕಾಲರ್‌ಶಿಪ್ ಮತ್ತು ಹಾಸ್ಟೆಲ್ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳದ್ದು. ಹಾಸ್ಟೆಲ್ ಆಯ್ಕೆ ಪಟ್ಟಿ ಯಾವಾಗ ಎಂದು ಪ್ರಾಂಶುಪಾಲರ ಕೊಠಡಿ ಮುಂದೆ ದಿನಗಟ್ಟಲೆ ನಿಲ್ಲುವವರಿದ್ದಾರೆ. ಅದಕ್ಕೆ ಉತ್ತರ ಸಿಗುವುದು ತಾಲ್ಲೂಕಿನ ಇಲಾಖಾ ಕಚೇರಿಯಲ್ಲಿ.

ಕಾಗದಪತ್ರದ ವಿಷಯಕ್ಕೆ ಬರೋಣ. ಇದರಲ್ಲಿ ಅರ್ಧ ತಲೆನೋವು ಊರಿನಲ್ಲೇ ಮುಗಿಸಿ ಬರಬಹುದಾದದ್ದು. ಪದವಿ ಪ್ರವೇಶ, ಪರೀಕ್ಷೆ, ಅಂಕಪಟ್ಟಿ ಎಲ್ಲವೂ ಈಗ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಹಳ್ಳಿಯ ಮಕ್ಕಳು ಸೈಬರ್ ಅಂಗಡಿಗೆ ಹೋಗಿ ನೋಂದಣಿ ಮಾಡಿಸುತ್ತಾರೆ. ಕೈಯಲ್ಲಿ ಫೋನ್ ಇಲ್ಲದಿದ್ದರೆ ಅಂಗಡಿಯವನು ತನ್ನದೇ ಮೊಬೈಲ್ ನಂಬರ್ ಹಾಕಿ ಕೆಲಸ ಮುಗಿಸುತ್ತಾನೆ. ಪಾಸ್‌ವರ್ಡ್ ಮರೆತ ದಿನ ಒಟಿಪಿ ಅವನ ಫೋನಿಗೆ ಹೋಗುತ್ತದೆ, ಹುಡುಗಿ ನನ್ನ ಕಂಪ್ಯೂಟರ್ ಮುಂದೆ ಅಳುತ್ತಾ ಕೂರುತ್ತಾಳೆ. ಸ್ವಂತದ್ದೋ ಅಪ್ಪ ಅಮ್ಮನದ್ದೋ, ಮೂರು ವರ್ಷ ಬದಲಾಗದ ನಂಬರ್ ಕೊಡಿ. ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇನ್ನೊಂದು, ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಪ್ಪನ ಪೂರ್ತಿ ಹೆಸರು. ಮನುಷ್ಯರಿಗೆ ಮೂರೂ ಒಬ್ಬಳೇ ರಕ್ಷಿತಾ, ಕಂಪ್ಯೂಟರ್‌ಗೆ ಮೂವರು. ಅಂಕಪಟ್ಟಿಯಲ್ಲಿ ಇದ್ದಂತೆ ಉಳಿದೆಡೆ ತಿದ್ದಿಸುವುದು ಸುಲಭ, ಅಂಕಪಟ್ಟಿಯನ್ನು ತಿದ್ದಿಸುವುದು ಕಷ್ಟ. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಸ್ಕಾಲರ್‌ಶಿಪ್ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಅದನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ ಎಂದೂ ಬ್ಯಾಂಕಿನಲ್ಲಿ ಕೇಳಬೇಕು. ಎರಡು ಖಾತೆ ಇದ್ದವರಿಗೆ ಹಣ ಬೀಳುವುದು ಕೊನೆಗೆ ಮ್ಯಾಪ್ ಆದ ಖಾತೆಗೆ. ಬರಲೇ ಇಲ್ಲ ಎಂದು ಗೋಳಾಡಿದ ಹಣ ಎಷ್ಟೋ ಸಲ ಮರೆತುಹೋದ ಇನ್ನೊಂದು ಪಾಸ್‌ಬುಕ್ಕಿನಲ್ಲಿ ಬೆಚ್ಚಗೆ ಕೂತಿರುತ್ತದೆ. ಮೂಲ ಟಿಸಿ ಮತ್ತು ಅಂಕಪಟ್ಟಿಗಳನ್ನು ಕಾಲೇಜಿಗೆ ಕೊಡುವ ಮುಂಚೆ ನಾಲ್ಕೈದು ಜೆರಾಕ್ಸ್ ಮಾಡಿಸಿ. ನರ್ಸಿಂಗೋ ಎಂಜಿನಿಯರಿಂಗೋ ಸೀಟು ಸಿಕ್ಕಿ ನಡುವೆ ಬಿಟ್ಟು ಹೋಗುವವರಿಗಂತೂ ಇದು ಬೇಕೇ ಬೇಕು.

ಊರಿಂದ ಓಡಾಡುವವರು ಕಾಲೇಜು ಆರಿಸುವಾಗ ಕಟ್ಟಡ ನೋಡುತ್ತಾರೆ, ಬಸ್ಸಿನ ವೇಳೆ ನೋಡುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ನಮ್ಮ ಕಡೆಯ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದೂ ಬೆಳಿಗ್ಗೆ ಒಂದು, ಸಂಜೆ ಒಂದು. ಮಧ್ಯಾಹ್ನದ ಕೊನೆಯ ಪಿರಿಯಡ್ ಬಿಟ್ಟು ಓಡಿದರಷ್ಟೇ ಆ ಸಂಜೆ ಬಸ್ಸು ಸಿಗುವುದಾದರೆ, ಅದೇ ವಿಷಯದಲ್ಲಿ ವಾರವಾರ ಹಾಜರಿ ಸೋರುತ್ತದೆ.

ಹಾಜರಿ ಶೇ. 75 ಇರಬೇಕು, ಅದೂ ವಿಷಯವಾರು. ವಾರಕ್ಕೆ ನಾಲ್ಕು ತರಗತಿಯಂತೆ ಸೆಮಿಸ್ಟರಿಗೆ 60 ಎಂದಿಟ್ಟುಕೊಳ್ಳಿ. 15ಕ್ಕಿಂತ ಹೆಚ್ಚು ತಪ್ಪಿದರೆ ಪರೀಕ್ಷೆಗೆ ಕೂರುವುದು ಕಷ್ಟ. ಮೊದಲ ಸೆಮಿಸ್ಟರ್ ಬರುವುದೋ ನಾಟಿಯ ಮಳೆಗಾಲಕ್ಕೆ, ಮುಗಿಯುವುದು ಅಡಿಕೆ ಕೊಯ್ಲಿಗೆ. ‘ಎರಡು ದಿನ ಮನೆಗೆ ಬಾ ಮಾರಾಯ, ಆಳು ಸಿಕ್ಕಲ್ಲ’ ಎಂದು ಅಪ್ಪ ಫೋನ್ ಮಾಡಿದರೆ ಯಾವ ಹುಡುಗ ಇಲ್ಲ ಅಂದಾನು? ಹೋಗಬೇಡ ಎಂದು ನಾನೂ ಹೇಳಲಾರೆ. ಆ 15ರ ಲೆಕ್ಕವನ್ನು ಅಪ್ಪನ ಎದುರು ಇಡು ಎನ್ನುತ್ತೇನೆ. ತೋಟದ ಲೆಕ್ಕ ಇಡುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಈಗ ನನ್ನ ಕೊಠಡಿಗೆ ಬನ್ನಿ. ಪಠ್ಯಕ್ರಮದ ಪ್ರತಿಯನ್ನು ಮೊದಲ ವಾರವೇ ಮುದ್ರಿಸಿಕೊಳ್ಳಿ, ಮೊಬೈಲಿನಲ್ಲಿ ಇಟ್ಟರೆ ಅದನ್ನು ಯಾರೂ ಓದುವುದಿಲ್ಲ. ಅದನ್ನು ಹಿಡಿದು ಬಂದವರಿಗೆ ನಾನು ಮೊದಲು ತೋರಿಸುವುದು ಕಪಾಟಿನ ಅಂಕಿಗಳನ್ನು. ಡ್ಯೂಯಿ ವರ್ಗೀಕರಣದಲ್ಲಿ ರಾಜ್ಯಶಾಸ್ತ್ರ 320, ಅರ್ಥಶಾಸ್ತ್ರ 330, ಕನ್ನಡ ಸಾಹಿತ್ಯ 894.814, ಭಾರತದ ಇತಿಹಾಸ 954. ತನಗೆ ಬೇಕಾದ ಮೂರು ಅಂಕಿ ತಿಳಿದವರು ನನ್ನನ್ನು ಕೇಳುವುದನ್ನು ಬಿಟ್ಟು ತಾವೇ ಕಪಾಟಿಗೆ ಹೋಗುತ್ತಾರೆ. ಬಜಾರಿನಲ್ಲಿ ಸಿಗುವ ಗೈಡು ಓದಬೇಡಿ ಎಂದು ನಾನು ಉಪದೇಶ ಮಾಡುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲರೂ ಓದುತ್ತಾರೆ. ಆದರೆ ಸೆಮಿಸ್ಟರಿಗೆ ಒಂದೇ ಒಂದು ಮೂಲ ಪುಸ್ತಕವನ್ನಾದರೂ ಪಠ್ಯಕ್ರಮದ ಜೊತೆ ಇಟ್ಟು ಓದಿದವರ ಉತ್ತರಪತ್ರಿಕೆಯೇ ಬೇರೆ ಎಂದು ಮೌಲ್ಯಮಾಪನ ಮಾಡುವ ಸಹೋದ್ಯೋಗಿಗಳು ಹೇಳುತ್ತಾರೆ.

ನಮ್ಮಲ್ಲಿ ಅತಿ ಹೆಚ್ಚು ಕೈ ಬದಲಿಸುವುದು ಹಳೆಯ ಪ್ರಶ್ನೆಪತ್ರಿಕೆಗಳ ಬೈಂಡು. ಅಲ್ಲೊಂದು ಎಚ್ಚರಿಕೆ. ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಹಾಗಾಗಿ ನನ್ನ ಕಪಾಟಿನಲ್ಲಿ ಮೂರು ಕಾಲದ ಪತ್ರಿಕೆಗಳು ಅಕ್ಕಪಕ್ಕ ಕೂತಿವೆ. ಅಕ್ಕ ಓದಿದ ನೋಟ್ಸ್ ಜೋಪಾನವಾಗಿ ಮನೆಯಲ್ಲಿದೆ ಎಂದು ಬೀಗುವ ತಂಗಿಯ ಪತ್ರಿಕೆಗೆ ಅದರ ಅರ್ಧವೂ ಹೊಂದುವುದಿಲ್ಲ. ಯಾರ ನೋಟ್ಸ್ ತೆಗೆದುಕೊಂಡರೂ ಪತ್ರಿಕೆಯ ಶೀರ್ಷಿಕೆ, ಘಟಕಗಳ ಹೆಸರು ನಿಮ್ಮ ಪಠ್ಯಕ್ರಮಕ್ಕೆ ತಾಳೆಯಾಗುತ್ತವೆಯೇ ನೋಡಿ.

ಇಂಗ್ಲಿಷಿನ ಭಯದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಬಿ.ಎ. ಮಕ್ಕಳು ಕನ್ನಡದಲ್ಲೇ ಬರೆಯಬಹುದು. ಬಿ.ಎಸ್ಸಿ. ಸೇರಿದ ಕನ್ನಡ ಮಾಧ್ಯಮದವರು ಮೊದಲೆರಡು ತಿಂಗಳು ಮೂಕರಾಗಿಬಿಡುತ್ತಾರೆ. ದಡ್ಡತನ ಅಂದುಕೊಂಡು ಬಿಟ್ಟು ಹೋದವರನ್ನೂ ಕಂಡಿದ್ದೇನೆ. ಅವರಿಗೆ ನಾನು ಹೇಳುವ ದಾರಿ ಸರಳ: ಪಾಠವನ್ನು ಮೊದಲು ಕನ್ನಡದಲ್ಲಿ ಓದಿ ತಿಳಿದುಕೊಳ್ಳಿ, ಆಮೇಲೆ ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಓದಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳು ಉಚಿತ. ಖರಗ್‌ಪುರ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೂ ಹಣ ಕೊಡಬೇಕಿಲ್ಲ. ನಿಮ್ಮ ಕಾಲೇಜು ಎನ್-ಲಿಸ್ಟ್ ಸದಸ್ಯತ್ವ ಪಡೆದಿದ್ದರೆ ಗ್ರಂಥಪಾಲಕರು ಲಾಗಿನ್ ಮಾಡಿಕೊಡುತ್ತಾರೆ, ಸಾವಿರಾರು ಜರ್ನಲ್ಲು, ಲಕ್ಷಕ್ಕೂ ಮೀರಿದ ಇ-ಪುಸ್ತಕ ಮೊಬೈಲಿಗೇ ಸಿಗುತ್ತವೆ. ಕೇಳಿದವರಿಗೆ ಮಾತ್ರ.

ಎನ್ನೆಸ್ಸೆಸ್‌ಗೆ ಸೇರುವುದಾದರೆ ಮೊದಲ ವರ್ಷವೇ ಸೇರಿ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ, ನಡುವೆ ಏಳು ದಿನದ ಶಿಬಿರ. ಹಾಸ್ಟೆಲ್ಲಿಗೆ ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದ ಮಕ್ಕಳಿಗೆ ಆ ಶಿಬಿರದ ಅಡುಗೆ ಮನೆಯಲ್ಲೇ ಗೆಳೆತನ ಕುದುರುತ್ತದೆ. ರ‍್ಯಾಗಿಂಗ್ ಕಾಟವಿದ್ದರೆ ಯುಜಿಸಿಯ 1800-180-5522ಕ್ಕೆ ಕರೆ ಮಾಡಬಹುದು. ಮನಸ್ಸಿಗೆ ತೀರ ಬೇಸರವಾದಾಗ ಮಾತಾಡಲು ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ.

‘ಹುಡುಗಿನ ಎಷ್ಟು ಗಂಟೆಗೆ ಬಿಡ್ತೀರಿ ಮೇಡಂ?’ ಎಂದು ಅಮ್ಮಂದಿರು ಕೇಳುತ್ತಾರೆ. ಸೋಮವಾರ ಹನ್ನೆರಡಕ್ಕೆ ಮುಗಿಯಬಹುದು, ಬುಧವಾರ ನಾಲ್ಕೂವರೆಗೆ. ನಡುವೆ ಎರಡು ಗಂಟೆ ಖಾಲಿ ಇರಬಹುದು. ವೇಳಾಪಟ್ಟಿಯ ಒಂದು ಪ್ರತಿ ಮನೆಯ ಗೋಡೆಗೂ ಅಂಟಿಸಲು ಹೇಳುತ್ತೇನೆ. ಅದರಿಂದ ಅಮ್ಮನ ಆತಂಕವೂ ಇಳಿಯುತ್ತದೆ, ಮಗಳ ಸುಳ್ಳೂ ಕಡಿಮೆಯಾಗುತ್ತದೆ.

ಕೊನೆಯದಾಗಿ ಫಲಿತಾಂಶದ ಮಾತು. ಪಿಯುಸಿಯಲ್ಲಿ ಫೇಲ್ ಅಂದರೆ ಮುಂದಿನ ದಾರಿ ಅಲ್ಲಿಗೇ ನಿಂತಂತೆ. ಆ ನೆನಪಿನಲ್ಲೇ ಬಂದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಉಳಿದರೆ ಕಾಲೇಜಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಡಿಗ್ರಿಯಲ್ಲಿ ಹಾಗಲ್ಲ. ಉಳಿದ ವಿಷಯ ಬ್ಯಾಕ್‌ಲಾಗ್ ಆಗಿ ಜೊತೆಗೆ ಬರುತ್ತದೆ, ಎರಡನೇ ಸೆಮಿಸ್ಟರಿನ ಪಾಠ ನಡೆಯುತ್ತಲೇ ಇರುತ್ತದೆ, ಮುಂದೆ ಅದನ್ನು ಬರೆದು ಮುಗಿಸಬಹುದು. ಅಂಕದ ಬಗ್ಗೆ ಅನುಮಾನವಿದ್ದರೆ ಉತ್ತರಪತ್ರಿಕೆಯ ನಕಲು ತರಿಸಿ, ವಿಷಯದ ಅಧ್ಯಾಪಕರಿಗೆ ತೋರಿಸಿ, ಮರುಮೌಲ್ಯಮಾಪನಕ್ಕೆ ಹಾಕಬಹುದು. ಅದಕ್ಕೆ ಕೊಡುವ ಗಡುವು ಕೆಲವೇ ದಿನ. ಫಲಿತಾಂಶ ಬಂದ ವಾರ ಕಾಣೆಯಾದ ಮಕ್ಕಳಿಗೆ ಇಷ್ಟನ್ನು ತಿಳಿಸಲೆಂದೇ ನಮ್ಮ ಅಧ್ಯಾಪಕರು ಒಬ್ಬೊಬ್ಬರಿಗಾಗಿ ಫೋನ್ ಮಾಡುತ್ತಾರೆ. ಅತ್ತ ಕಡೆ ಎಷ್ಟೋ ಸಲ ಫೋನ್ ಎತ್ತುವವನು ಸೈಬರ್ ಅಂಗಡಿಯವನು.