ಅರಮನೆಗೆ ಉಳಿದ ಹೆಸರು

ಕಳೆದ ರಜೆಯಲ್ಲಿ ತಂದೆಯವರನ್ನು ಶಿವಮೊಗ್ಗೆಯ ಕೋಟೆಗೆ ಕರೆದೊಯ್ದಿದ್ದೆ. ಕಂದಾಯ ಇಲಾಖೆಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು ಅವರು. ಸೀತಾರಾಮಾಂಜನೇಯನ ದರ್ಶನ ಮುಗಿಸಿ, ತುಂಗೆಯ ದಡದಲ್ಲಿರುವ ಶಿವಪ್ಪನಾಯಕನ ಅರಮನೆಗೆ ಬಂದೆವು. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ. ಅಂಗಳದಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳು. ಒಳಗೆ ದಪ್ಪ ಮರದ ಕಂಬಗಳ ದರ್ಬಾರು ಹಜಾರ.

ತಂದೆಯವರು ಕಂಬವೊಂದರ ಮೇಲೆ ಅಂಗೈಯಿರಿಸಿ ಮೌನವಾಗಿ ನಿಂತರು. ಉಪನ್ಯಾಸಕನ ಚಾಳಿ ಬಿಟ್ಟೀತೆ? “ಅಪ್ಪಯ್ಯ, ಹೆಸರೇನೋ ಶಿವಪ್ಪನಾಯಕನದು. ಆದರೆ ಅವನ ರಾಜಧಾನಿ ಬಿದನೂರು. ಅವನು ತೀರಿಕೊಂಡದ್ದು 1660ರಲ್ಲಿ. ಈ ಕಟ್ಟಡ ಹದಿನೆಂಟನೆಯ ಶತಮಾನದ್ದು, ಹೈದರಾಲಿ ಕಟ್ಟಿಸಿದ್ದು ಎನ್ನುತ್ತಾರೆ” ಎಂದೆ. ಆಡಿದ ಮೇಲೆ, ಆಡಬಾರದಿತ್ತೆನಿಸಿತು.

ಅವರು ನಕ್ಕರು. “ಇರಬಹುದಪ್ಪ. ನೆಲದ ಗುಣ, ಬೆಳೆಯ ಪ್ರಮಾಣ ನೋಡಿ ಕಂದಾಯ ಗೊತ್ತುಮಾಡಿದ ಪುಣ್ಯಾತ್ಮ ಅವನು. ಬೆಳೆದದ್ದರಲ್ಲಿ ಮೂರರಲ್ಲೊಂದು ಪಾಲು ಅರಸನಿಗೆ, ಉಳಿದದ್ದು ರೈತನಿಗೆ. ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಇಂದಿಗೂ ಅಳಿದಿಲ್ಲ. ಗೋಡೆ ಕಟ್ಟಿಸಿದವರು ಯಾರೇ ಆಗಲಿ, ಜನ ಇಟ್ಟುಕೊಂಡದ್ದು ಲೆಕ್ಕ ನೇರವಾಗಿಟ್ಟವನ ಹೆಸರನ್ನು.”

ಮೂವತ್ತೈದು ವರ್ಷ ಲೆಕ್ಕ ನೇರವಾಗಿಟ್ಟ ಆ ಕೈ ಇನ್ನೂ ಕಂಬದ ಮೇಲೆಯೇ ಇತ್ತು. ನಾನು ಮರುಮಾತಾಡಲಿಲ್ಲ.