ಪೀಣ್ಯದ ಸದ್ದು, ಮನೆಯ ಮಾತು

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಅಂಥ ಕಾವಲಿಲ್ಲ. ಹಗಲಿರುಳೂ ತೆರೆದೇ ಇರುವ ಈ ಇಂದ್ರಿಯವು ತನ್ನೆಡೆಗೆ ಬಂದ ಸದ್ದನ್ನೆಲ್ಲ ಸಹಿಸಲೇಬೇಕು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪವರ್ ಪ್ರೆಸ್ಸು, ಗ್ರೈಂಡಿಂಗ್ ಯಂತ್ರಗಳ ನಡುವೆ ದುಡಿಯುವವರೂ ಅವರ ಮನೆಯವರೂ ಇದನ್ನು ಅವಶ್ಯವಾಗಿ ಅರಿಯಬೇಕು.

ಒಳಗಿವಿಯಲ್ಲಿ ಶಂಖದಾಕಾರದ ಪುಟ್ಟ ಅಂಗವೊಂದಿದೆ. ಅದರೊಳಗಿನ ಸುಮಾರು 15,000 ರೋಮಕೋಶಗಳು ಸದ್ದಿನ ಕಂಪನವನ್ನು ನರಕ್ಕೆ ಮುಟ್ಟಿಸುತ್ತವೆ. ಗಾಯಗೊಂಡ ಚರ್ಮ ಮತ್ತೆ ಕೂಡಿಕೊಳ್ಳುತ್ತದೆ. ಸತ್ತ ರೋಮಕೋಶವು ಮನುಷ್ಯನಲ್ಲಿ ಮರಳಿ ಹುಟ್ಟದು. ದಿನಕ್ಕೆ 8 ಗಂಟೆಯಂತೆ 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದರೆ ಹಾನಿಯ ಸಂಭವ ಹೆಚ್ಚು. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಹಾಗಾಗಿ 88 ಡೆಸಿಬಲ್ಲಿನ 4 ಗಂಟೆಯು 85ರ 8 ಗಂಟೆಗೆ ಸಮ.

ಈ ಕಿವುಡು ನೋವಿಲ್ಲದೆ, ಮೆಲ್ಲಮೆಲ್ಲನೆ ಬರುತ್ತದೆ. ಮೊದಲು ಕೆಡುವುದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನ ಶ್ರವಣ. ಆಗ ಸ್ವರಾಕ್ಷರಗಳು ಕೇಳುತ್ತವೆ. ‘ಸ’, ‘ಶ’, ‘ತ’ ಮೊದಲಾದ ವ್ಯಂಜನಗಳು ಜಾರಿಹೋಗುತ್ತವೆ. ಆದ್ದರಿಂದಲೇ “ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ” ಎನ್ನುತ್ತಾರೆ. ಮನೆಯವರು ಅದನ್ನು ಉದಾಸೀನವೆಂದು ಬಗೆದು ಗದರುತ್ತಾರೆ. ದುಡಿದು ಬಂದವರು ನಾಚಿ ಮಾತನ್ನೇ ಕಡಿಮೆ ಮಾಡುತ್ತಾರೆ. ಕಿವಿ ಕೆಡುವುದರ ಜೊತೆಗೆ ಸಂಸಾರದ ಸೊಗಸೂ ಕೆಡುತ್ತದೆ.

ಕಿವಿಯಲ್ಲಿ ಗುಂಯ್‌ಗುಡುವುದು, ಟಿ.ವಿ.ಯ ಸದ್ದನ್ನು ಏರಿಸುತ್ತ ಹೋಗುವುದು ಎಚ್ಚರಿಕೆಯ ಸೂಚನೆಗಳು. ಕಾದ ಎಣ್ಣೆ ಬಿಡುವುದು ಮದ್ದಲ್ಲ. ಹತ್ತಿ ತುರುಕುವುದು ರಕ್ಷಣೆಯಲ್ಲ. ಯಂತ್ರದ ಬಳಿ ಸರಿಯಾದ ಇಯರ್ ಪ್ಲಗ್ ಅಥವಾ ಇಯರ್ ಮಫ್ ಧರಿಸಬೇಕು. ಗುಗ್ಗೆಯಿಂದಾದ ಮಂದಶ್ರವಣವೋ ನರದ ದೋಷವೋ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹಠಾತ್ತನೆ ಕಿವಿ ಕೇಳದಾದರೆ ಅಂದೇ ಅವರನ್ನು ಕಾಣಬೇಕು. ಶ್ರವಣ ಪರೀಕ್ಷೆಗೆ ಮುನ್ನ ಒಂದು ರಾತ್ರಿಯಾದರೂ ಕಾರ್ಖಾನೆಯ ಸದ್ದಿನಿಂದ ದೂರವಿರುವುದು ಲೇಸು. ಶ್ರವಣ ಸಾಧನವು ಹೋದದ್ದನ್ನು ಮರಳಿ ತಾರದು, ಉಳಿದದ್ದಕ್ಕೆ ಊರುಗೋಲಾಗುತ್ತದೆ. 1965ರಲ್ಲಿ ಸ್ಥಾಪನೆಗೊಂಡು ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಈ ವಿಷಯದ ಅಧ್ಯಯನ, ಚಿಕಿತ್ಸೆಗಳೆರಡರಲ್ಲೂ ನಾಡಿಗೆ ಹೆಮ್ಮೆಯದು.

1948ರ ಕಾರ್ಖಾನೆ ಕಾಯಿದೆಯ ಪಟ್ಟಿಯಲ್ಲಿಯೇ ಸದ್ದಿನಿಂದಾಗುವ ಕಿವುಡು ಔದ್ಯೋಗಿಕ ರೋಗವೆಂದು ಸೇರಿತ್ತು. ಆದುದರಿಂದ ಕೆಲಸಗಾರನು ರಕ್ಷಣೆ ಕೇಳುವುದು ಉದ್ಧಟತನವಲ್ಲ. ಒದಗಿಸುವುದು ಮಾಲೀಕನ ಕರ್ತವ್ಯ. ಮನೆಯವರ ಕರ್ತವ್ಯ ಇನ್ನೊಂದಿದೆ: ಬೆನ್ನ ಹಿಂದಿನಿಂದ ಕೂಗದೆ, ಎದುರಿಗೆ ನಿಂತು, ಬಿಡಿಸಿ, ನಿಧಾನವಾಗಿ ಮಾತನಾಡುವುದು. ಕಾಯಕಕ್ಕೆ ಕಾಯ ಬೇಕು. ಆ ಕಾಯವನ್ನು ಕಾಯುವುದೂ ಕಾಯಕವೇ.